ಸಹಿ ಕೋರುವ ಇ-ಮೇಲ್‌ನ ‘ಇಂದ’ ಎಂಬಲ್ಲಿ ಯಾರ ಹೆಸರಿರಬೇಕು?

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾರದಾದರೂ ಮೊಬೈಲಿನಲ್ಲಿ ‘ಗಣಪತಿ ಹೆಗಡೆ’ ಎಂದು ಹುಡುಕಿದರೆ ಒಂದೇ ಹೆಸರು ಸಿಗುವುದು ಅಪರೂಪ. ನಾಲ್ಕೈದು ಗಣಪತಿ ಹೆಗಡೆಯವರು ಸಾಲಾಗಿ ನಿಂತಿರುತ್ತಾರೆ. ಅವರಲ್ಲಿ ಯಾರು ಯಾರೆಂದು ತಿಳಿಯುವುದು ಹೆಸರಿನ ಹಿಂದೆಯೋ ಮುಂದೆಯೋ ಸೇರಿಸಿಟ್ಟ ಊರಿನಿಂದ ಅಥವಾ ಮನೆಯ ಹೆಸರಿನಿಂದ. ಘಟ್ಟ ಇಳಿದು ಕುಮಟಾ, ಅಂಕೋಲಾ, ಕಾರವಾರಕ್ಕೆ ಹೋದರೂ ನಾಯ್ಕ, ಗೌಡ ಎಂಬ ಅಡ್ಡಹೆಸರುಗಳ ವಿಷಯದಲ್ಲಿ ಪರಿಸ್ಥಿತಿ ಇದೇ ಆಗಿದೆ. ಜಿಲ್ಲೆಯ ಜನರು ತಮ್ಮ ಮಟ್ಟಿಗೆ ಎಂದೋ ಪರಿಹರಿಸಿಕೊಂಡಿದ್ದ ಈ ತೊಡಕು, ಒಪ್ಪಂದ ಪತ್ರಗಳಿಗೆ ಇ-ಮೇಲ್ ಮೂಲಕ ಸಹಿ ಪಡೆಯುವ ಕ್ರಮ ಬಂದ ಮೇಲೆ ಬೇರೆ ರೂಪದಲ್ಲಿ ಎದುರಾಗಿದೆ. ಇ-ಸಹಿ ಸೇವೆಯಿಂದ ಹೊರಡುವ ಕೋರಿಕೆಯಲ್ಲಿ, ಕಳುಹಿಸಿದವರು ಯಾರೆಂದು ತೋರಿಸುವ ಒಂದು ಸಾಲನ್ನು ಸರಿಪಡಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ನಾನಿದನ್ನು ಕಲಿತದ್ದು ಎಡವಿದ ಮೇಲೆಯೇ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಆ ದಿನಗಳಲ್ಲಿ ಪೇಟೆಯಲ್ಲಿ ಉಳಿಯಲು ಕೋಣೆ ಸಿಗುವುದು ಕಷ್ಟ. ಹೋಂಸ್ಟೇ ನಡೆಸುವ ನನ್ನ ಭಾವ, ಊರಿನ ಏಳು ಮನೆಯವರ ಖಾಲಿ ಕೋಣೆಗಳನ್ನು ಜಾತ್ರೆಯ ಮಟ್ಟಿಗೆ ಬಾಡಿಗೆಗೆ ಹಿಡಿಯಲು ಎರಡು ಪುಟದ ಒಪ್ಪಂದ ಪತ್ರವೊಂದನ್ನು ಮಾಡಿಸಿ, ಅದನ್ನು ಇ-ಸಹಿಗೆ ಕಳುಹಿಸುವ ಕೆಲಸವನ್ನು ನನಗೆ ವಹಿಸಿದರು. ಸೇವೆಯ ಖಾತೆಯನ್ನು ತೆರೆದುಕೊಟ್ಟಿದ್ದವನು ಬೆಂಗಳೂರಿನಲ್ಲಿರುವ ಅವರ ಅಳಿಯ. ಪ್ರೊಫೈಲಿನಲ್ಲಿದ್ದದ್ದು ಅವನ ಹೆಸರು ಮತ್ತು ಅವನ ಇನಿಶಿಯಲ್. ನಾನು ಅದನ್ನು ಗಮನಿಸದೆ ಏಳೂ ಕೋರಿಕೆಗಳನ್ನು ಒಟ್ಟಿಗೆ ಕಳುಹಿಸಿದೆ. ಎರಡು ದಿನ ಯಾರೂ ಸಹಿ ಮಾಡಲಿಲ್ಲ. ಮೂರನೆಯ ದಿನ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಅಪರಿಚಿತನೊಬ್ಬನಿಂದ ಮೋಸದ ಮೇಲ್ ಬರುತ್ತಿದೆ, ಯಾರೂ ಅದನ್ನು ಒತ್ತಬಾರದು ಎಂಬ ಎಚ್ಚರಿಕೆ ಬಂತು. ಆ ಎಚ್ಚರಿಕೆಯನ್ನು ನಮ್ಮ ಭಾವನೇ ಇನ್ನೆರಡು ಗುಂಪುಗಳಿಗೆ ಫಾರ್ವರ್ಡ್ ಮಾಡಿದ್ದರು. ಸಹಿ ಮಾಡಬೇಕಾಗಿದ್ದವರಲ್ಲಿ ಒಬ್ಬರು ಮಾತ್ರ ‘ತಾವು ಯಾರು?’ ಎಂದು ಆ ಇ-ಮೇಲ್‌ಗೆ ಉತ್ತರಿಸಿದ್ದರು. ಉತ್ತರ ಹೋದದ್ದು ಅಳಿಯನ ಇನ್‌ಬಾಕ್ಸಿಗೆ, ಅವನು ಅದನ್ನು ನೋಡಿದ್ದು ಮುಂದಿನ ಭಾನುವಾರ.

ಊರಿನವರು ಮಾಡಿದ್ದು ಸರಿಯಾಗಿಯೇ ಇತ್ತು ಎಂದು ಈಗ ಅನ್ನಿಸುತ್ತದೆ. ಗುರುತಿಲ್ಲದವರು ಕಳುಹಿಸಿದ ಲಿಂಕನ್ನು ಒತ್ತಬಾರದೆಂದು ನಾವೇ ಅವರಿಗೆ ಹೇಳುತ್ತ ಬಂದಿದ್ದೇವೆ. ತಪ್ಪಿದ್ದದ್ದು ‘ಇಂದ’ ಎಂಬಲ್ಲಿ.

ಲಕೋಟೆಯ ಮೇಲೆ ಬರೆದದ್ದು ಮತ್ತು ಅಂಚೆಯ ಮುದ್ರೆ

ಅಂಚೆಯ ಲಕೋಟೆಯ ಮೇಲೆ ಎಡಗಡೆ ‘ಇಂದ’ ಎಂದು ಬರೆದು ನಮ್ಮ ಹೆಸರು ಹಾಕುತ್ತೇವೆ. ಅದು ನಿಜವೋ ಸುಳ್ಳೋ ಎಂದು ಅಂಚೆ ಕಚೇರಿಯವರು ಪರಿಶೀಲಿಸುವುದಿಲ್ಲ. ಆದರೆ ಅದರ ಮೇಲೆ ಬೀಳುವ ಊರಿನ ಮುದ್ರೆ ನಮ್ಮ ಕೈಯಲ್ಲಿಲ್ಲ. ಇ-ಮೇಲ್‌ನಲ್ಲಿಯೂ ಹೀಗೆಯೇ ಎರಡು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು ಕಣ್ಣಿಗೆ ದಪ್ಪಕ್ಷರದಲ್ಲಿ ಕಾಣುವ ಹೆಸರು. ಇದನ್ನು ಸೇವೆಗಳು ‘ಡಿಸ್‌ಪ್ಲೇ ನೇಮ್’ ಅಥವಾ ‘ಸೆಂಡರ್ ನೇಮ್’ ಎನ್ನುತ್ತವೆ. ಎರಡನೆಯದು ಆ ಹೆಸರಿನ ಪಕ್ಕದಲ್ಲಿ ಅಡಗಿರುವ ನಿಜವಾದ ಇ-ಮೇಲ್ ವಿಳಾಸ. ಮೊಬೈಲಿನಲ್ಲಿ ಹೆಸರಿನ ಮೇಲೆ ಒತ್ತಿದರೆ ಮಾತ್ರ ಇದು ಕಾಣುತ್ತದೆ. ಹೆಸರನ್ನು ಯಾರೂ ಪರೀಕ್ಷಿಸುವುದಿಲ್ಲ, ಏನು ಬೇಕಾದರೂ ಬರೆಯಬಹುದು. ವಿಳಾಸದಲ್ಲಿ ‘ಅಟ್’ ಚಿಹ್ನೆಯ ನಂತರ ಬರುವ ಡೊಮೇನ್ ಭಾಗ ಮಾತ್ರ ತಾಂತ್ರಿಕ ಪರೀಕ್ಷೆಗೆ ಒಳಗಾಗುತ್ತದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಇ-ಸಹಿ ಸೇವೆಗಳಲ್ಲಿ ಸಾಮಾನ್ಯವಾಗಿ ಹೆಸರು ನಿಮ್ಮದಾಗಿಯೂ ವಿಳಾಸ ಸೇವೆಯದಾಗಿಯೂ ಇರುತ್ತದೆ. ಉದಾಹರಣೆಗೆ ಡಾಕ್ಯುಸೈನ್ ಮೂಲಕ ಹೋಗುವ ಕೋರಿಕೆಯಲ್ಲಿ ಕಳುಹಿಸಿದವರ ಹೆಸರಿನ ನಂತರ ‘ವಯಾ ಡಾಕ್ಯುಸೈನ್’ ಎಂದು ಸೇರಿರುತ್ತದೆ, ವಿಳಾಸವು ಡಾಕ್ಯುಸೈನ್ ಡಾಟ್ ನೆಟ್ ಎಂಬ ಡೊಮೇನಿನದಾಗಿರುತ್ತದೆ. ಅಡೋಬಿಯ ಆಕ್ರೊಬ್ಯಾಟ್ ಸೈನ್ ಬಳಸಿದರೆ ವಿಳಾಸವು ಅಡೋಬಿಸೈನ್ ಡಾಟ್ ಕಾಮ್ ಡೊಮೇನಿನಿಂದ ಬರುತ್ತದೆ. ಸೇವೆಯ ಹೆಸರು ಹೀಗೆ ಅಂಟಿಕೊಂಡು ಬರುವುದು ಹಲವರಿಗೆ ಹಿಡಿಸುವುದಿಲ್ಲ. ನಮ್ಮ ಸಂಸ್ಥೆಯ ಹೆಸರಷ್ಟೇ ಇರಲಿ ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಸ್ವಂತ ಡೊಮೇನ್ ಇಲ್ಲದವರಿಗೆ ಈ ಬಾಲವೇ ಒಳ್ಳೆಯದು. ಹೆಸರಿನಲ್ಲಿ ಒಂದು, ವಿಳಾಸದಲ್ಲಿ ಮತ್ತೊಂದು ಎಂಬ ಅಸಂಗತಿ ಕಾಣುವವರಿಗೆ ಅದು ಸರಳವಾದ ವಿವರಣೆ ಕೊಡುತ್ತದೆ.

ಮೂರನೆಯದೊಂದಿದೆ, ಅದನ್ನು ಮರೆಯುವವರೇ ಹೆಚ್ಚು. ಇ-ಮೇಲ್ ಓದಿದವರು ‘ರಿಪ್ಲೈ’ ಒತ್ತಿದರೆ ಉತ್ತರ ಎಲ್ಲಿಗೆ ಹೋಗಬೇಕೆಂಬುದನ್ನು ಹೇಳುವ ಪ್ರತ್ಯೇಕ ಸಾಲೊಂದು ಇ-ಮೇಲ್‌ನ ತಲೆಬರಹದಲ್ಲಿರುತ್ತದೆ. ಹಲವು ಸೇವೆಗಳು ಅಲ್ಲಿ ಖಾತೆದಾರರ ಸ್ವಂತ ಇ-ಮೇಲ್ ವಿಳಾಸವನ್ನು ಹಾಕುತ್ತವೆ. ನಮ್ಮ ಪ್ರಸಂಗದಲ್ಲಿ ಉತ್ತರ ಅಳಿಯನಿಗೆ ಹೋದದ್ದು ಈ ಕಾರಣದಿಂದ. ಹೆಸರನ್ನು ಬದಲಿಸಿದ ಮಾತ್ರಕ್ಕೆ ಉತ್ತರದ ದಾರಿ ಬದಲಾಗುವುದಿಲ್ಲ; ಖಾತೆಯ ಇ-ಮೇಲ್ ವಿಳಾಸವನ್ನೂ ನಿಜವಾಗಿ ನೋಡುವವರದಾಗಿ ಮಾಡಬೇಕು.

ಹೆಸರನ್ನು ಆಯ್ದುಕೊಳ್ಳುವುದು

ಸೆಟ್ಟಿಂಗ್ಸ್ ತೆರೆಯುವ ಮೊದಲು ಒಂದು ಕಾಗದದ ಮೇಲೆ ಹೆಸರನ್ನು ಬರೆದುಕೊಳ್ಳುವುದು ಒಳಿತು. ಸಹಿ ಮಾಡಬೇಕಾದವರು ನಿಮ್ಮನ್ನು ಯಾವ ಹೆಸರಿನಿಂದ ಕರೆಯುತ್ತಾರೋ ಆ ಹೆಸರು ಮೊದಲು ಬರಬೇಕು. ನೋಂದಣಿ ಪತ್ರದಲ್ಲಿರುವ ಉದ್ದನೆಯ ಹೆಸರು ಅವರಿಗೆ ಗೊತ್ತಿಲ್ಲದಿರಬಹುದು. ಸಂಘವೊಂದರ ಅಧಿಕೃತ ಹೆಸರು ‘ಗ್ರೂಪ್ ಗ್ರಾಮಗಳ ಸೇವಾ ಸಹಕಾರಿ ಸಂಘ ನಿಯಮಿತ’ ಎಂದು ಆರಂಭವಾದರೆ, ಮೊಬೈಲಿನ ಪರದೆಯಲ್ಲಿ ಕಾಣುವುದು ಮೊದಲ ಎರಡು ಮೂರು ಪದಗಳು ಮಾತ್ರ. ಯಾವ ಊರಿನ ಸಂಘವೆಂಬುದು ಕಾಣುವ ಮೊದಲೇ ಸಾಲು ಮುಗಿದು ಮೂರು ಚುಕ್ಕೆ ಬಂದಿರುತ್ತದೆ. ಅಂಥಲ್ಲಿ ಊರಿನ ಹೆಸರನ್ನು ಮುಂದಕ್ಕೆ ತರಬೇಕು. ವ್ಯಕ್ತಿಯ ಹೆಸರಾದರೆ ಊರು ಅಥವಾ ಮನೆಯ ಹೆಸರು ಜೊತೆಗಿರಬೇಕು. ‘ಗಣಪತಿ ಹೆಗಡೆ’ ಎಂಬುದಕ್ಕಿಂತ ‘ಮೇಲಿನಮನೆ ಹೋಂಸ್ಟೇ ಗಣಪತಿ ಹೆಗಡೆ’ ಎಂಬುದು ಎಷ್ಟೋ ವಾಸಿ. ಇಷ್ಟು ಉದ್ದವಾಯಿತೆಂದರೆ ‘ಮೇಲಿನಮನೆ ಹೋಂಸ್ಟೇ’ ಎಂಬಷ್ಟೇ ಸಾಕು, ವ್ಯಕ್ತಿಯ ಹೆಸರನ್ನು ಇ-ಮೇಲ್‌ನ ಒಳಗಿನ ಸಂದೇಶದಲ್ಲಿ ಬರೆಯಬಹುದು.

‘ಅಡ್ಮಿನ್’, ‘ಆಫೀಸ್’, ‘ಅಕೌಂಟ್ಸ್’ ಎಂಬ ಒಂಟಿ ಪದಗಳನ್ನು ಬಿಡಬೇಕು; ಮೋಸದ ಇ-ಮೇಲ್‌ಗಳು ಬರುವುದೂ ಇಂಥ ಹೆಸರುಗಳಲ್ಲಿಯೇ. ‘ತುರ್ತು’ ಎಂಬ ಪದವನ್ನು ಹೆಸರಿನೊಳಗೆ ಸೇರಿಸುವ ಚಾಳಿಯೂ ಇದೆ, ಅದು ಬೇಡ.

ಅಲ್ಪವಿರಾಮದ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಹೆಸರು, ಕಾರ್ಯದರ್ಶಿ, ಊರು’ ಎಂದು ಬರೆಯುವುದು ನಮ್ಮ ಪತ್ರವ್ಯವಹಾರದ ರೂಢಿ. ಆದರೆ ಇ-ಮೇಲ್‌ನ ವಿಳಾಸದ ಸಾಲಿನಲ್ಲಿ ಅಲ್ಪವಿರಾಮಕ್ಕೆ ಬೇರೆಯೇ ಅರ್ಥವಿದೆ: ಅದು ಒಂದು ವಿಳಾಸವನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. ಹೆಸರಿನಲ್ಲಿ ಅಲ್ಪವಿರಾಮವಿದ್ದರೆ ಇಡೀ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕೆಂಬುದು 2008ರ ಆರ್‌ಎಫ್‌ಸಿ 5322 ಎಂಬ ಮಾನಕದ ನಿಯಮ. ಒಳ್ಳೆಯ ಸೇವೆಗಳು ಇದನ್ನು ತಾವಾಗಿಯೇ ಮಾಡುತ್ತವೆ, ಮಾಡದಿರುವ ಕಡೆ ಹೆಸರು ಒಡೆದು ವಿಚಿತ್ರವಾಗಿ ಕಾಣುತ್ತದೆ. ಆವರಣ ಚಿಹ್ನೆಗೂ ಅಲ್ಲಿ ಟಿಪ್ಪಣಿ ಎಂಬ ಬೇರೆ ಅರ್ಥವಿದೆ, ಕೋಲನ್ ಮತ್ತು ‘ಅಟ್’ ಚಿಹ್ನೆಗಳಿಗೂ ತಮ್ಮದೇ ಕೆಲಸಗಳಿವೆ. ಬರಿಯ ಅಕ್ಷರ ಮತ್ತು ಖಾಲಿ ಜಾಗ, ಬೇಕಾದರೆ ಒಂದು ಅಡ್ಡಗೆರೆ, ಇಷ್ಟರಲ್ಲಿ ಮುಗಿಸಿದರೆ ಯಾವ ತೊಂದರೆಯೂ ಇಲ್ಲ.

ಕನ್ನಡ ಲಿಪಿಯಲ್ಲಿಯೇ ಇಡಬಹುದೇ?

ಇಡಬಹುದು. ಇ-ಮೇಲ್‌ನ ತಲೆಬರಹ ಮೂಲತಃ ಇಂಗ್ಲಿಷ್ ಅಕ್ಷರಗಳಿಗಾಗಿ ಮಾಡಿದ್ದಾದರೂ, ಬೇರೆ ಲಿಪಿಗಳ ಹೆಸರನ್ನು ಸಂಕೇತರೂಪಕ್ಕೆ ತಿರುಗಿಸಿ ಸಾಗಿಸುವ ವ್ಯವಸ್ಥೆ 1996ರ ಆರ್‌ಎಫ್‌ಸಿ 2047ರಿಂದಲೇ ಇದೆ. ಓದುವವರ ಕಡೆಯ ಅಪ್ಲಿಕೇಶನ್ ಆ ಸಂಕೇತವನ್ನು ಬಿಡಿಸಿ ಮತ್ತೆ ಕನ್ನಡವಾಗಿ ತೋರಿಸುತ್ತದೆ. ಇದಕ್ಕೆ ತಗಲುವ ಜಾಗ ಮಾತ್ರ ಹೆಚ್ಚು. ‘ಶಿರಸಿ’ ನಮ್ಮ ಲೆಕ್ಕದಲ್ಲಿ ಮೂರು ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಗುಣಿತದ ಚಿಹ್ನೆಗಳೂ ಸೇರಿ ಐದು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕಾಗುವುದರಿಂದ ಒಟ್ಟು 15 ಬೈಟ್, ಅದನ್ನು ಬೇಸ್64 ಎಂಬ ಸಂಕೇತರೂಪಕ್ಕೆ ತಿರುಗಿಸಿದಾಗ 20 ಅಕ್ಷರ. ಸಂಕೇತಿಸಿದ ಒಂದು ತುಂಡು 75 ಅಕ್ಷರಗಳನ್ನು ಮೀರಬಾರದೆಂಬ ನಿಯಮವಿದೆ. ತಲೆಬಾಲದ ಗುರುತುಗಳನ್ನು ಕಳೆದರೆ ಒಂದು ತುಂಡಿನಲ್ಲಿ ಹಿಡಿಯುವುದು ಕನ್ನಡದ 15 ಚಿಹ್ನೆಗಳು ಮಾತ್ರ. ಅದಕ್ಕಿಂತ ಉದ್ದವಾದ ಹೆಸರು ಎರಡು ಅಥವಾ ಮೂರು ತುಂಡುಗಳಾಗಿ ಹೋಗುತ್ತದೆ. ತುಂಡು ಮಾಡುವ ತಂತ್ರಾಂಶ ಎಚ್ಚರಿಕೆಯಿಲ್ಲದೆ ಒಂದು ಚಿಹ್ನೆಯ ಮೂರು ಬೈಟ್‌ಗಳ ನಡುವೆಯೇ ಕತ್ತರಿ ಹಾಕಿದರೆ ಹೆಸರಿನ ಮಧ್ಯದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಚೌಕಗಳು ಮೂಡುತ್ತವೆ. ಕನ್ನಡದ ಹೆಸರನ್ನು ಚಿಕ್ಕದಾಗಿ ಇಡಬೇಕೆನ್ನುವುದಕ್ಕೆ ಇದೇ ಕಾರಣ.

ಇನ್ನೊಂದು ವ್ಯಾವಹಾರಿಕ ಸಂಗತಿಯೂ ಇದೆ. ಕನ್ನಡ ಬಲ್ಲವರೂ ಇನ್‌ಬಾಕ್ಸಿನಲ್ಲಿ ಹುಡುಕುವಾಗ ಇಂಗ್ಲಿಷ್ ಕೀಲಿಮಣೆಯಲ್ಲೇ ಟೈಪ್ ಮಾಡುವುದು ಹೆಚ್ಚು. ಶಿರಸಿ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿದವರಿಗೆ ಕನ್ನಡದಲ್ಲಿರುವ ಹೆಸರು ಸಿಗದೆ ಹೋಗಬಹುದು. ಸಹಿ ಮಾಡುವವರೆಲ್ಲ ಊರಿನವರೇ ಆಗಿದ್ದರೆ ನಾನು ಕನ್ನಡದ ಹೆಸರನ್ನೇ ಇಡುತ್ತೇನೆ, ಏಕೆಂದರೆ ಮೋಸದ ಇ-ಮೇಲ್‌ಗಳ ರಾಶಿಯ ನಡುವೆ ಕನ್ನಡದ ಹೆಸರು ತಟ್ಟನೆ ಎದ್ದು ಕಾಣುತ್ತದೆ. ಮುಂಬೈಯ ಅಡಿಕೆ ವ್ಯಾಪಾರಿಗೋ ಗೋವಾದ ಪ್ರವಾಸ ಏಜೆಂಟರಿಗೋ ಹೋಗುವ ಪತ್ರವಾದರೆ ಇಂಗ್ಲಿಷ್ ಲಿಪಿಯೇ ಸರಿ.

ಖಾತೆಯಲ್ಲಿ ಬದಲಿಸುವ ಬಗೆ

ಸೇವೆಯಿಂದ ಸೇವೆಗೆ ಗುಂಡಿಗಳ ಹೆಸರೂ ಜಾಗವೂ ಬೇರೆ, ಮತ್ತು ಅವು ಆಗಾಗ ಬದಲಾಗುತ್ತಿರುತ್ತವೆ. ಸೇವೆಗಳ ಹೆಸರುಗಳೇ ಬದಲಾಗುವುದುಂಟು, ಹಿಂದೆ ಹೆಲೋಸೈನ್ ಎನ್ನುತ್ತಿದ್ದದ್ದು 2022ರಲ್ಲಿ ಡ್ರಾಪ್‌ಬಾಕ್ಸ್ ಸೈನ್ ಆಯಿತು. ಆದರೆ ಹುಡುಕಬೇಕಾದ ಜಾಗಗಳು ಮೂರೇ.

ಮೊದಲನೆಯದು ಬಳಕೆದಾರರ ಪ್ರೊಫೈಲ್. ಮೇಲ್ಭಾಗದ ಬಲಮೂಲೆಯಲ್ಲಿ ನಿಮ್ಮ ಚಿತ್ರ ಅಥವಾ ಹೆಸರಿನ ಮೊದಲಕ್ಷರವಿರುವ ವೃತ್ತವನ್ನು ಒತ್ತಿ ಪ್ರೊಫೈಲಿಗೆ ಹೋದರೆ ಅಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಚೌಕಗಳಿರುತ್ತವೆ. ಹೆಚ್ಚಿನ ಸೇವೆಗಳಲ್ಲಿ ಕಳುಹಿಸುವವರ ಹೆಸರು ಇಲ್ಲಿಂದಲೇ ಹೋಗುತ್ತದೆ. ಖಾತೆಯನ್ನು ಸಂಸ್ಥೆಯೊಂದು ನಿರ್ವಹಿಸುತ್ತಿದ್ದರೆ ಈ ಚೌಕಗಳು ಬೂದು ಬಣ್ಣದಲ್ಲಿದ್ದು ತಿದ್ದಲು ಬಾರದಿರಬಹುದು. ಆಗ ಅಡ್ಮಿನ್ ಅಧಿಕಾರವಿರುವವರೇ ಬದಲಿಸಿಕೊಡಬೇಕು.

ಇಲ್ಲಿ ಒಂದು ಸುಲಭದ ಉಪಾಯ ಹೊಳೆಯುತ್ತದೆ: ಮೊದಲ ಹೆಸರಿನ ಚೌಕದಲ್ಲಿ ‘ಮೇಲಿನಮನೆ ಹೋಂಸ್ಟೇ’ ಎಂದೂ ಕೊನೆಯ ಹೆಸರಿನ ಚೌಕದಲ್ಲಿ ‘ಶಿರಸಿ’ ಎಂದೂ ತುಂಬಿಬಿಡುವುದು. ನಾನೂ ಮೊದಲು ಹಾಗೆಯೇ ಮಾಡಿದೆ. ಇ-ಮೇಲ್ ಚೆನ್ನಾಗಿಯೇ ಕಂಡಿತು, ಆದರೆ ಒಪ್ಪಂದಕ್ಕೆ ಭಾವನವರೂ ಅದೇ ಖಾತೆಯಿಂದ ಸಹಿ ಮಾಡಬೇಕಾಗಿತ್ತು. ಸೇವೆಯು ಸಹಿಗೆ ಪ್ರೊಫೈಲಿನ ಹೆಸರನ್ನೇ ಎತ್ತಿಕೊಂಡು, ಓರೆಯಕ್ಷರದಲ್ಲಿ ಹೋಂಸ್ಟೇಯ ಹೆಸರನ್ನು ಸಹಿಯಾಗಿ ತೋರಿಸಿತು. ಹೋಂಸ್ಟೇ ಸಹಿ ಮಾಡುವುದಿಲ್ಲ, ಅದರ ಮಾಲೀಕರು ಮಾಡುತ್ತಾರೆ. ಅಷ್ಟೇ ಅಲ್ಲದೆ, ಸಹಿಗಳೆಲ್ಲ ಮುಗಿದ ನಂತರ ಸೇವೆಯು ಕೊಡುವ ಪ್ರಮಾಣಪತ್ರದಲ್ಲಿ ಪತ್ರವನ್ನು ಯಾರು ಹೊರಡಿಸಿದರು, ಯಾರು ಎಷ್ಟು ಗಂಟೆಗೆ ತೆರೆದರು, ಯಾರು ಸಹಿ ಮಾಡಿದರು ಎಂಬ ದಾಖಲೆಯಿರುತ್ತದೆ. ಮುಂದೆ ತಕರಾರು ಬಂದರೆ ನೋಡುವುದು ಇದನ್ನೇ. ಅಲ್ಲಿ ಮನುಷ್ಯರ ಹೆಸರಿರುವುದೇ ಯೋಗ್ಯ. ಆದ್ದರಿಂದ ಖಾತೆದಾರರೇ ಸಹಿಯನ್ನೂ ಮಾಡುವವರಾಗಿದ್ದರೆ ಪ್ರೊಫೈಲಿನಲ್ಲಿ ನಿಜವಾದ ಹೆಸರನ್ನೇ ಉಳಿಸಿ, ಸಂಸ್ಥೆಯ ಹೆಸರನ್ನು ಬೇರೆ ಜಾಗದಲ್ಲಿ ಸೇರಿಸಬೇಕು. ಕಳುಹಿಸುವುದಕ್ಕಷ್ಟೇ ಬಳಸುವ ಖಾತೆಯಾದರೆ ಎರಡು ಚೌಕಗಳ ಉಪಾಯದಿಂದ ದೊಡ್ಡ ಹಾನಿಯಿಲ್ಲ.

ಆ ಬೇರೆ ಜಾಗವೇ ಎರಡನೆಯದು, ಅಂದರೆ ಸಂಸ್ಥೆಯ ವಿವರ ಮತ್ತು ‘ಬ್ರ್ಯಾಂಡಿಂಗ್’ ಎಂಬ ಪುಟ. ಅಡ್ಮಿನ್ ಆಗಿ ಸೆಟ್ಟಿಂಗ್ಸ್‌ಗೆ ಹೋದರೆ ಇದು ಸಿಗುತ್ತದೆ; ಸಂಸ್ಥೆಯ ಹೆಸರು, ಲಾಂಛನ, ಬಣ್ಣ, ಇ-ಮೇಲ್‌ನ ಒಕ್ಕಣೆ ಇವನ್ನು ಇಲ್ಲಿ ಬದಲಿಸಬಹುದು. ಉಚಿತ ಖಾತೆಗಳಲ್ಲಿ ಈ ಪುಟ ಬಹುಮಟ್ಟಿಗೆ ಮುಚ್ಚಿರುತ್ತದೆ, ಹಣ ಕೊಟ್ಟ ಯೋಜನೆಗಳಲ್ಲಿ ತೆರೆಯುತ್ತದೆ. ಒಂದೇ ಖಾತೆಯಿಂದ ಹೋಂಸ್ಟೇಯ ಪತ್ರಗಳನ್ನೂ ತೋಟದ ಫಸಲು ಗುತ್ತಿಗೆಯ ಪತ್ರಗಳನ್ನೂ ಕಳುಹಿಸುವವರು ಎರಡು ಬೇರೆ ಬ್ರ್ಯಾಂಡ್ ಮಾಡಿಕೊಂಡು, ಪತ್ರ ಕಳುಹಿಸುವಾಗ ಸರಿಯಾದದ್ದನ್ನು ಆರಿಸಿಕೊಳ್ಳುವ ಸೌಲಭ್ಯವೂ ಕೆಲವು ಯೋಜನೆಗಳಲ್ಲಿದೆ. ಹಣ ಕೊಡುವುದಿಲ್ಲವೆಂದರೂ ವಿಷಯದ ಸಾಲು ಮತ್ತು ಸಂದೇಶದ ಚೌಕ ನಿಮ್ಮ ಕೈಯಲ್ಲೇ ಇವೆ. ವಿಷಯದ ಸಾಲಿನಲ್ಲಿ ‘ಮೇಲಿನಮನೆ ಹೋಂಸ್ಟೇ: ಜಾತ್ರೆಯ ಕೋಣೆ ಬಾಡಿಗೆ ಒಪ್ಪಂದ, ಸಹಿಗಾಗಿ’ ಎಂದು ಬರೆದರೆ, ಹೆಸರಿನ ಕೊರತೆಯನ್ನು ಅದು ಬಹಳಷ್ಟು ತುಂಬಿಕೊಡುತ್ತದೆ. ಸೇವೆಯು ತಾನಾಗಿಯೇ ತುಂಬುವ ‘ದಯವಿಟ್ಟು ಸಹಿ ಮಾಡಿ’ ಎಂಬ ಅರ್ಥದ ಇಂಗ್ಲಿಷ್ ಸಾಲನ್ನು ಹಾಗೆಯೇ ಬಿಡುವುದು ಸೋಮಾರಿತನ.

ಮೂರನೆಯ ಜಾಗ ಸ್ವಂತ ಡೊಮೇನ್. ಇದಕ್ಕೆ ಸ್ವಲ್ಪ ಹೆಚ್ಚಿನ ವಿವರಣೆ ಬೇಕು.

ವಿಳಾಸವೂ ನಮ್ಮದೇ ಆಗಬೇಕೆಂದರೆ

ಸಂಸ್ಥೆಗೆ ತನ್ನದೇ ಜಾಲತಾಣದ ಹೆಸರು, ಅಂದರೆ ಡಾಟ್ ಇನ್ ಅಥವಾ ಡಾಟ್ ಕಾಮ್ ಡೊಮೇನ್ ಇದ್ದರೆ, ಕೆಲವು ಇ-ಸಹಿ ಸೇವೆಗಳು ತಮ್ಮ ಮೇಲ್ಮಟ್ಟದ ಯೋಜನೆಗಳಲ್ಲಿ ಆ ಡೊಮೇನಿನಿಂದಲೇ ಕೋರಿಕೆಗಳನ್ನು ಕಳುಹಿಸುತ್ತವೆ. ಆಗ ಹೆಸರು, ವಿಳಾಸ ಎರಡೂ ಒಂದೇ ಮಾತನ್ನು ಹೇಳುತ್ತವೆ. ಆದರೆ ಜಿಮೇಲ್‌ನ ಉಚಿತ ವಿಳಾಸವನ್ನು ಹೀಗೆ ಬಳಸಲಾಗದು. ಜಿಮೇಲ್ ಡಾಟ್ ಕಾಮ್ ಎಂಬ ಡೊಮೇನ್ ಗೂಗಲ್‌ನದು. ಅದರ ಹೆಸರಿನಲ್ಲಿ ಬೇರೆ ಕಂಪನಿಯ ಸರ್ವರ್ ಇ-ಮೇಲ್ ಕಳುಹಿಸಿದರೆ ಅದು ಸೋಗು ಹಾಕಿದಂತೆಯೇ ಕಾಣುತ್ತದೆ ಮತ್ತು ಸ್ಪ್ಯಾಮ್‌ಗೆ ಬೀಳುತ್ತದೆ.

ಸ್ವಂತ ಡೊಮೇನ್ ಬಳಸಲು ಮೂರು ಪರೀಕ್ಷೆಗಳಿಗೆ ಸಿದ್ಧವಾಗಬೇಕು. ಎಸ್‌ಪಿಎಫ್ ಎಂಬುದು ಈ ಡೊಮೇನಿನ ಪರವಾಗಿ ಯಾವ ಸರ್ವರ್‌ಗಳು ಇ-ಮೇಲ್ ಕಳುಹಿಸಬಹುದು ಎಂಬ ಪಟ್ಟಿ. ಡಿಕೆಐಎಂ ಎಂಬುದು ಪ್ರತಿಯೊಂದು ಇ-ಮೇಲ್‌ನ ಮೇಲೂ ಬೀಳುವ ಗೂಢಲಿಪಿಯ ಮುದ್ರೆ. ದಾರಿಯಲ್ಲಿ ಯಾರಾದರೂ ಒಕ್ಕಣೆಯನ್ನು ತಿದ್ದಿದರೆ ಮುದ್ರೆ ಹೊಂದುವುದಿಲ್ಲ. ಡಿಮಾರ್ಕ್ ಎಂಬುದು, ಕಣ್ಣಿಗೆ ಕಾಣುವ ವಿಳಾಸದ ಡೊಮೇನಿಗೂ ಮೊದಲೆರಡು ಪರೀಕ್ಷೆಗಳಲ್ಲಿ ಉತ್ತೀರ್ಣವಾದ ಡೊಮೇನಿಗೂ ಹೊಂದಾಣಿಕೆಯಿದೆಯೇ ಎಂದು ನೋಡಿ, ಇಲ್ಲದಿದ್ದರೆ ಏನು ಮಾಡಬೇಕೆಂದು ಸೂಚಿಸುವ ನಿಯಮ. ಇ-ಸಹಿ ಸೇವೆಯು ಕೊಡುವ ಕೆಲವು ದಾಖಲೆ ಸಾಲುಗಳನ್ನು ಡೊಮೇನ್ ಕೊಂಡ ಕಂಪನಿಯ ಜಾಲತಾಣದಲ್ಲಿ ಡೊಮೇನಿನ ದಾಖಲೆಗಳನ್ನಿಡುವ ಡಿಎನ್‌ಎಸ್ ಪುಟದಲ್ಲಿ ಅಕ್ಷರಕ್ಕೆ ಅಕ್ಷರ ಹೊಂದುವಂತೆ ಅಂಟಿಸಿ, ಮತ್ತೆ ಸೇವೆಗೆ ಬಂದು ‘ವೆರಿಫೈ’ ಒತ್ತಬೇಕು. ಒಮ್ಮೊಮ್ಮೆ ಕೆಲವೇ ನಿಮಿಷಗಳಲ್ಲಿ ಆಗುತ್ತದೆ, ಒಮ್ಮೊಮ್ಮೆ ಒಂದೆರಡು ದಿನ ಹಿಡಿಯುತ್ತದೆ.

ಎಡವುವ ಜಾಗ ಎಸ್‌ಪಿಎಫ್. ಒಂದು ಡೊಮೇನಿಗೆ ಇಂಥ ಸಾಲು ಒಂದೇ ಇರಬೇಕು. ಹಿಂದೆ ಜಾಲತಾಣ ಮಾಡಿಕೊಟ್ಟವರು ಒಂದು ಸಾಲನ್ನು ಹಾಕಿರುತ್ತಾರೆ. ನಾವು ಇ-ಸಹಿಗಾಗಿ ಎರಡನೆಯದನ್ನು ಸೇರಿಸಿದರೆ ಎರಡೂ ಕೆಟ್ಟು, ಆವರೆಗೆ ಸರಿಯಾಗಿದ್ದ ಕಚೇರಿಯ ಇ-ಮೇಲ್ ಕೂಡ ಸ್ಪ್ಯಾಮ್‌ಗೆ ಹೋಗತೊಡಗುತ್ತದೆ. ಇದ್ದ ಸಾಲಿನೊಳಗೇ ಹೊಸ ಸೇವೆಯನ್ನು ಸೇರಿಸಬೇಕು, ಮತ್ತು ಆ ಸಾಲು ಒಟ್ಟು ಹತ್ತಕ್ಕಿಂತ ಹೆಚ್ಚು ಬಾರಿ ಬೇರೆ ಡೊಮೇನ್‌ಗಳನ್ನು ವಿಚಾರಿಸುವಂತೆ ಇರಬಾರದು. ದಿನಕ್ಕೆ 5,000ಕ್ಕಿಂತ ಹೆಚ್ಚು ಇ-ಮೇಲ್ ಕಳುಹಿಸುವವರಿಗೆ ಈ ಮೂರೂ ಕಡ್ಡಾಯವೆಂದು ಜಿಮೇಲ್ 2024ರ ಫೆಬ್ರವರಿಯಿಂದ ನಿಯಮ ಮಾಡಿದೆ. ನಮ್ಮ ಹೋಂಸ್ಟೇ ಆ ಸಂಖ್ಯೆಯ ಹತ್ತಿರವೂ ಸುಳಿಯುವುದಿಲ್ಲ. ಆದರೂ ಮೂರನ್ನೂ ಮಾಡಿಟ್ಟುಕೊಂಡರೆ ಇನ್‌ಬಾಕ್ಸಿಗೆ ತಲುಪುವ ಸಾಧ್ಯತೆ ಹೆಚ್ಚು.

ಡಾಕ್ಯುಮೆನ್ಸೊ, ಡಾಕ್ಯುಸೀಲ್‌ನಂಥ ಮುಕ್ತ ತಂತ್ರಾಂಶಗಳನ್ನು ತಮ್ಮದೇ ಸರ್ವರಿನಲ್ಲಿ ಹಾಕಿಕೊಂಡವರಿಗೆ ಹೆಸರು ಮತ್ತು ವಿಳಾಸವನ್ನು ಎಸ್‌ಎಂಟಿಪಿ, ಅಂದರೆ ಇ-ಮೇಲ್ ಹೊರಗೆ ಕಳುಹಿಸುವ ಸರ್ವರಿನ ಸೆಟ್ಟಿಂಗ್‌ನಲ್ಲಿ ನೇರವಾಗಿ ಬರೆಯುವ ಸ್ವಾತಂತ್ರ್ಯವಿದೆ. ಅಲ್ಲಿ ಜಿಮೇಲ್‌ನ ಸರ್ವರ್ ಬಳಸುವುದಾದರೆ ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಉಚಿತ ಜಿಮೇಲ್ ಖಾತೆಗೆ ದಿನಕ್ಕೆ 500ರ ಮಿತಿಯಿದೆ. ಹೆಸರನ್ನು ನೀವು ಬರೆದಂತೆ ಒಪ್ಪಿಕೊಂಡರೂ ವಿಳಾಸವನ್ನು ಮಾತ್ರ ಅದು ಲಾಗಿನ್ ಆದ ಖಾತೆಯದಕ್ಕೆ ತಿರುಗಿಸುತ್ತದೆ.

ಕಳುಹಿಸುವ ಮೊದಲು ನೋಡಿಕೊಳ್ಳಬೇಕಾದದ್ದು

ಬದಲಾವಣೆ ಮಾಡಿದ ಕೂಡಲೇ ಊರಿಗೆಲ್ಲ ಕಳುಹಿಸಬಾರದು. ಖಾಲಿ ಹಾಳೆಯ ಪಿಡಿಎಫ್ ಒಂದನ್ನು ಮಾಡಿ, ಮನೆಯವರ ಎರಡು ಬೇರೆ ಬೇರೆ ಇ-ಮೇಲ್‌ಗಳಿಗೆ ಸಹಿಗಾಗಿ ಕಳುಹಿಸಬೇಕು. ಒಂದು ಜಿಮೇಲ್ ಆಗಿದ್ದರೆ ಇನ್ನೊಂದು ಔಟ್‌ಲುಕ್‌ನಂಥ ಬೇರೆ ಸೇವೆಯದಾಗಿರಲಿ. ನಿಮಗೇ ನೀವು ಕಳುಹಿಸಿಕೊಂಡರೆ ಕೆಲವೆಡೆ ಹೆಸರಿನ ಬದಲು ‘ನಾನು’ ಎಂದು ಕಾಣುವುದರಿಂದ ಪರೀಕ್ಷೆ ಆಗುವುದಿಲ್ಲ. ಮೊಬೈಲಿನ ನೋಟಿಫಿಕೇಶನ್‌ನಲ್ಲಿ ಹೆಸರು ಎಲ್ಲಿಗೆ ತುಂಡಾಗುತ್ತದೆ ಎಂದು ನೋಡಿ. ನಂತರ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಆ ಇ-ಮೇಲ್‌ನ ಮೂರು ಚುಕ್ಕೆಯ ಪಟ್ಟಿಯಿಂದ ‘ಶೋ ಒರಿಜಿನಲ್’ ಆರಿಸಿದರೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರರ ಎದುರೂ ಫಲಿತಾಂಶ ಕಾಣುತ್ತದೆ. ಕೊನೆಗೆ ‘ರಿಪ್ಲೈ’ ಒತ್ತಿ ವಿಳಾಸ ಯಾರದು ಬರುತ್ತದೆಂದು ಪರೀಕ್ಷಿಸಬೇಕು. ಕಳುಹಿಸಬೇಕಾಗಿಲ್ಲ, ನೋಡಿದರೆ ಸಾಕು.

ಒಂದು ವಿಚಿತ್ರ ಸಂದರ್ಭವನ್ನು ಹೇಳಿಬಿಡುತ್ತೇನೆ. ಎಲ್ಲವನ್ನೂ ಸರಿಪಡಿಸಿದ ಮೇಲೂ ಒಬ್ಬರ ಮೊಬೈಲಿನಲ್ಲಿ ನಮ್ಮ ಕೋರಿಕೆ ವಿಮಾ ಏಜೆಂಟರೊಬ್ಬರ ಹೆಸರಿನಲ್ಲಿಯೇ ಕಾಣುತ್ತಿತ್ತು. ಅವರು ಹಿಂದೊಮ್ಮೆ ಅದೇ ಇ-ಸಹಿ ಸೇವೆಯಿಂದ ಬಂದ ವಿಮೆಯ ಪತ್ರದ ವಿಳಾಸವನ್ನು ಆ ಏಜೆಂಟರ ಹೆಸರಿನಲ್ಲಿ ಸಂಪರ್ಕಪಟ್ಟಿಗೆ ಸೇರಿಸಿಕೊಂಡಿದ್ದರು. ಕೆಲವು ಇ-ಮೇಲ್ ಅಪ್ಲಿಕೇಶನ್‌ಗಳು ಕಳುಹಿಸಿದವರು ಬರೆದ ಹೆಸರಿಗಿಂತ, ಓದುವವರು ಉಳಿಸಿಕೊಂಡ ಹೆಸರಿಗೇ ಮನ್ನಣೆ ಕೊಡುತ್ತವೆ. ಸೇವೆಯ ವಿಳಾಸವು ಎಲ್ಲ ಗ್ರಾಹಕರಿಗೂ ಒಂದೇ ಆಗಿರುವುದರಿಂದ, ಆ ಸೇವೆಯ ಮೂಲಕ ಯಾರು ಕಳುಹಿಸಿದರೂ ಅವರಿಗೆ ಕಾಣುವುದು ವಿಮಾ ಏಜೆಂಟರೇ. ಇದನ್ನು ನಮ್ಮ ಕಡೆಯಿಂದ ಸರಿಪಡಿಸಲಾಗದು. ಸಂಪರ್ಕಪಟ್ಟಿಯಿಂದ ಆ ನಮೂದನ್ನು ಅಳಿಸಲು ಅವರಿಗೇ ಹೇಳಬೇಕು.

ಹೆಸರಿನಿಂದ ಆಗದಿರುವುದು

ಕಳುಹಿಸುವವರ ಹೆಸರಿಗೂ ಸಹಿಯ ಕಾನೂನುಬದ್ಧತೆಗೂ ಸಂಬಂಧವಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 5ನೆಯ ಕಲಂ ಎಲೆಕ್ಟ್ರಾನಿಕ್ ಸಹಿಗೆ ಮಾನ್ಯತೆ ಕೊಡುತ್ತದೆ, 10ಎ ಕಲಂ ಎಲೆಕ್ಟ್ರಾನಿಕ್ ರೂಪದಲ್ಲಿ ಏರ್ಪಟ್ಟ ಒಪ್ಪಂದವನ್ನು ಆ ಒಂದೇ ಕಾರಣಕ್ಕೆ ತಳ್ಳಿಹಾಕಬಾರದೆನ್ನುತ್ತದೆ. ಉಯಿಲು, ಟ್ರಸ್ಟ್ ಪತ್ರ ಮುಂತಾದ ಕೆಲವು ಬಗೆಯ ಪತ್ರಗಳಿಗೆ ಈ ದಾರಿ ಇಲ್ಲ. ಆಧಾರ್ ಮೂಲಕ ಇ-ಸಹಿ ಮಾಡಿಸಿದರೆ ಸಹಿಯೊಳಗೆ ಕೂರುವುದು ಸಹಿ ಮಾಡಿದವರ ಆಧಾರ್‌ನಲ್ಲಿರುವ ಹೆಸರು. ಅದಕ್ಕೆ ಬೇಕಾದ ಒಟಿಪಿ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವುದರಿಂದ, ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ನಿಂತಿರುವ ಹಳ್ಳಿಗಳವರಿಗೆ ಸಹಿಯ ದಿನವನ್ನು ಹವಾಮಾನ ನೋಡಿ ಗೊತ್ತುಮಾಡುವುದು ಲೇಸು.

ಹೆಸರನ್ನು ಬೇಕಾದಂತೆ ಬರೆಯಬಹುದೆಂದ ಮಾತ್ರಕ್ಕೆ ಬೇರೆಯವರ ಹೆಸರನ್ನು ಬರೆಯುವಂತಿಲ್ಲ. ಕಂಪ್ಯೂಟರ್ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದು ಇದೇ ಕಾಯ್ದೆಯ 66ಡಿ ಕಲಂ ಪ್ರಕಾರ ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಯವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. ವಂಚನೆಯ ಉದ್ದೇಶವಿಲ್ಲದಿದ್ದರೂ, ಸಾಲದ ಪತ್ರ ಬೇಗ ಸಹಿಯಾಗಲಿ ಎಂದು ಮಧ್ಯವರ್ತಿಯೊಬ್ಬರು ತಮ್ಮ ಖಾತೆಗೆ ಬ್ಯಾಂಕಿನ ಹೆಸರಿಡುವುದು ಸರ್ವಥಾ ಸಲ್ಲದು. ಬ್ಯಾಂಕುಗಳೇ ತಮ್ಮ ಜಾಲತಾಣಗಳನ್ನು ‘ಬ್ಯಾಂಕ್ ಡಾಟ್ ಇನ್’ ಎಂಬ ಪ್ರತ್ಯೇಕ ಡೊಮೇನಿಗೆ 2025ರ ಅಕ್ಟೋಬರ್ 31ರೊಳಗೆ ಸ್ಥಳಾಂತರಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದ್ದು, ಕಾಣುವ ಹೆಸರನ್ನು ನಂಬಿ ಜನ ಮೋಸಹೋಗುವುದನ್ನು ತಡೆಯಲೆಂದೇ.

ನೀವು ಕಳುಹಿಸಿದ ಕೋರಿಕೆಯನ್ನು ಅನುಮಾನಿಸುವವರಿಗೆ ಲಿಂಕ್ ಒತ್ತದೆಯೇ ಸಹಿ ಮಾಡುವ ದಾರಿಯನ್ನು ತೋರಿಸಬೇಕು. ಡಾಕ್ಯುಸೈನ್‌ನ ಇ-ಮೇಲ್‌ನ ಕೆಳಭಾಗದಲ್ಲಿ ಉದ್ದನೆಯ ಭದ್ರತಾ ಸಂಕೇತವೊಂದಿರುತ್ತದೆ. ಅವರು ಬ್ರೌಸರಿನಲ್ಲಿ ತಾವೇ ಡಾಕ್ಯುಸೈನ್‌ನ ಜಾಲತಾಣಕ್ಕೆ ಹೋಗಿ ಆ ಸಂಕೇತ ಹಾಕಿ ಪತ್ರವನ್ನು ತೆರೆಯಬಹುದು. ಇಷ್ಟಾದರೂ, ನಮ್ಮ ಕಡೆ ಕೆಲಸ ಮಾಡುವುದು ಮುಂಚಿತವಾಗಿ ಹೋಗುವ ಒಂದು ಫೋನ್ ಕರೆ. ಎರಡನೆಯ ಸಲ ಭಾವನವರು ಏಳೂ ಮನೆಗೆ ತಾವೇ ಫೋನ್ ಮಾಡಿ, ಇಂಥ ಹೆಸರಿನಲ್ಲಿ, ಇಂಥ ಸೇವೆಯ ಮೂಲಕ, ಸಂಜೆಯೊಳಗೆ ಒಂದು ಇ-ಮೇಲ್ ಬರುತ್ತದೆ ಎಂದು ತಿಳಿಸಿದರು. ನಾನು ಹಳೆಯ ಏಳು ಕೋರಿಕೆಗಳನ್ನು ರದ್ದುಪಡಿಸಿ ಹೊಸದಾಗಿ ಕಳುಹಿಸಿದೆ; ಹೆಸರು ಬದಲಿಸಿದರೂ ಆಗಲೇ ಇನ್‌ಬಾಕ್ಸಿನಲ್ಲಿ ಕುಳಿತ ಇ-ಮೇಲ್‌ನ ಹೆಸರು ಬದಲಾಗುವುದಿಲ್ಲ, ಹಳೆಯದು ಹೊಸದು ಎರಡೂ ಇದ್ದರೆ ಜನ ಹಳೆಯದನ್ನೇ ತೆರೆಯುತ್ತಾರೆ. ಆರು ಮನೆಯವರು ಅಂದೇ ಸಹಿ ಮಾಡಿದರು. ಏಳನೆಯವರು ಮರುದಿನ ಬೆಳಿಗ್ಗೆ ಪೆನ್ನು ಹಿಡಿದುಕೊಂಡು ಮನೆಗೇ ಬಂದು, ಪ್ರಿಂಟ್ ತೆಗೆಸಿ, ಆಸರಿ ಕುಡಿದು ಸಹಿ ಹಾಕಿ ಹೋದರು.